ಡಾರ್ಟ್‌ಫರ್ಡ್ ಸೇತುವೆ ದಾಟಿದಿರಾ? ಟೋಲ್ ಕಟ್ಟುವುದು ಹೀಗೆ

ಲಂಡನ್‌ನಲ್ಲಿರುವ ಮಕ್ಕಳ ಮನೆಗೆ ಹೋಗಿ, ಬಾಡಿಗೆ ಕಾರು ತಗೊಂಡು ಲಂಡನ್ ಸುತ್ತ ಹೋಗುವ ಎಂ25 ರಸ್ತೆಯಲ್ಲಿ ಓಡಾಡುವವರಿಗೆ ಇದು. ಊರಿನ ಪೂರ್ವಕ್ಕೆ, ಡಾರ್ಟ್‌ಫರ್ಡ್ ಹತ್ತಿರ ಥೇಮ್ಸ್ ನದಿ ಅಡ್ಡ ಬರುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ 1991ರಲ್ಲಿ ತೆರೆದ ಕ್ವೀನ್ ಎಲಿಜಬೆತ್ ಸೇತುವೆ, ಉತ್ತರಕ್ಕೆ ಹೋಗುವವರಿಗೆ ನದಿಯಡಿಯ ಸುರಂಗ. ಮ್ಯಾಪಿನಲ್ಲಿ ಈ ತುಂಡಿಗೆ ಎ282 ಅಂತ ಇರುತ್ತದೆ, ದಾರಿ ತಪ್ಪಿತು ಅಂತ ಗಾಬರಿ ಬೇಡ.

ಎರಡು ಕಡೆಗೂ ದುಡ್ಡು ಕಟ್ಟಬೇಕು. ಆದರೆ ಕೇಳುವವರು ಯಾರೂ ಇಲ್ಲ! ನಮ್ಮಲ್ಲಿ ಫಾಸ್ಟ್ಯಾಗ್ ಬಂದ ಮೇಲೂ ಟೋಲ್ ಗೇಟ್ ಮುಂದೆ ನಿಂತು ಅಭ್ಯಾಸ ಅಲ್ವಾ, ಇಲ್ಲಿ 2014ರಲ್ಲೇ ಗೇಟ್ ತೆಗೆದುಬಿಟ್ಟರು. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ನೆನಪಿಟ್ಟುಕೊಂಡು ಕಟ್ಟುವ ಕೆಲಸ ನಿಮ್ಮದು. ಗಡುವು ಮಾರನೇ ದಿನ ರಾತ್ರಿ 12 ಗಂಟೆ.

2025ರ ಸೆಪ್ಟೆಂಬರ್‌ನಿಂದ ಕಾರಿಗೆ ಒಂದು ಸಲಕ್ಕೆ 3.50 ಪೌಂಡ್. ಹೋಗಿ ಬಂದರೆ ಎರಡು ಸಲ ಕಟ್ಟಬೇಕು. ಖಾತೆ ತೆರೆದರೆ ಕಡಿಮೆ ಬೀಳುತ್ತದೆ, ಅಲ್ಲೇ ಇರುವವರಿಗೆ ಅದೇ ವಾಸಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಏನೂ ಇಲ್ಲ. 9.50ಕ್ಕೆ ಹತ್ತಿರ ಬಂದಿದ್ದರೆ ಎಲ್ಲಾದರೂ ಒಂದು ಕಾಫಿ ಕುಡಿದು ಹೊರಡಿ!

ಕಟ್ಟುವಾಗ ಸರ್ಕಾರದ ಗವ್.ಯುಕೆ ಸೈಟಿನಿಂದಲೇ 'ಡಾರ್ಟ್ ಚಾರ್ಜ್' (ಈ ಟೋಲಿನ ಹೆಸರೇ ಅದು) ಪುಟಕ್ಕೆ ಹೋಗಿ. ಸುಮ್ನೆ ಗೂಗಲ್ ಮಾಡಿ ಮೊದಲು ಬಂದ ಲಿಂಕ್ ಒತ್ತಿದರೆ ಜಾಸ್ತಿ ದುಡ್ಡು ಕೀಳುವವರ ಕೈಗೆ ಸಿಗಬಹುದು. ನಂಬರ್ ಹಾಕುವಾಗ ನಿಧಾನ. ಓ ಅಕ್ಷರಕ್ಕೂ ಸೊನ್ನೆಗೂ ಗೊಂದಲ ಆಗುವುದು ಇಲ್ಲೇ. 2001ರಿಂದ ಈಚೆಗಿನ ಬ್ರಿಟಿಷ್ ಪ್ಲೇಟಿನಲ್ಲಿ ಮೊದಲು ಎರಡು ಅಕ್ಷರ, ಆಮೇಲೆ ಎರಡು ಅಂಕಿ, ಕೊನೆಗೆ ಮೂರು ಅಕ್ಷರ. ಅಂದರೆ ಮೂರು ಮತ್ತು ನಾಲ್ಕನೇ ಜಾಗದಲ್ಲಿ ದುಂಡಗೆ ಕಂಡರೆ ಸೊನ್ನೆ, ಬೇರೆ ಕಡೆ ಓ. ಒಂದು ಅಕ್ಷರ ತಪ್ಪಿದರೂ ನೀವು ಕಟ್ಟಿದ್ದು ಇನ್ಯಾರದೋ ಕಾರಿನ ಲೆಕ್ಕಕ್ಕೆ ಹೋಗುತ್ತದೆ, ನಿಮ್ಮದು ಬಾಕಿಯೇ. ರಸೀದಿ ಇಟ್ಟುಕೊಳ್ಳಿ.

ಮರೆತರೆ 70 ಪೌಂಡ್ ದಂಡ, 14 ದಿನದೊಳಗೆ ಕಟ್ಟಿದರೆ ಅರ್ಧ. ಬಾಡಿಗೆ ಕಾರಿನಲ್ಲಿ ಇನ್ನೊಂದು ಗೋಳು: ದಂಡದ ಕಾಗದ ಮೊದಲು ಹೋಗುವುದು ಕಾರಿನವರಿಗೆ, ಅವರಲ್ಲಿ ಕೆಲವರು ತಮ್ಮದೂ ಒಂದು ಶುಲ್ಕ ಸೇರಿಸಿ ನಿಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ. ಹಾಗಾಗಿ ಕೀ ತಗೊಳ್ಳುವಾಗಲೇ "ಡಾರ್ಟ್ ಚಾರ್ಜ್ ನೀವು ಕಟ್ಟುತ್ತೀರೋ, ನಾನು ಕಟ್ಟಬೇಕೋ" ಅಂತ ಕೇಳಿಬಿಡಿ.

ಲಂಡನ್ ಒಳಗಿನ ಬ್ಲ್ಯಾಕ್‌ವಾಲ್, ಸಿಲ್ವರ್‌ಟೌನ್ ಸುರಂಗಗಳಿಗೂ 2025ರ ಏಪ್ರಿಲ್‌ನಿಂದ ಶುಲ್ಕ ಇದೆ. ಅದೇ ಥೇಮ್ಸ್ ಆದರೂ ಲೆಕ್ಕ ಬೇರೆ, ಕಟ್ಟುವ ಜಾಗವೂ ಬೇರೆ. ಇಲ್ಲಿ ಕಟ್ಟಿದ್ದು ಅಲ್ಲಿಗೆ ನಡೆಯುವುದಿಲ್ಲ.

ಜೋರು ಗಾಳಿ ಇದ್ದ ದಿನ ಸೇತುವೆ ಮುಚ್ಚಿ ಎಲ್ಲರನ್ನೂ ಸುರಂಗಕ್ಕೆ ತಿರುಗಿಸುವುದುಂಟು, ಆಗ ಸಾಲು ಉದ್ದವಾಗುತ್ತದೆ. ಹೊರಡುವ ಮೊದಲು ಟ್ರಾಫಿಕ್ ನೋಡಿಕೊಳ್ಳಿ. ವಿಮಾನ ಹಿಡಿಯುವುದಿದ್ದರಂತೂ ಒಂದು ಗಂಟೆ ಮುಂಚೆಯೇ ಹೊರಡಿ.