ಆಸ್ಟರಿಸ್ಕ್‌ನಲ್ಲಿ ವಿಚಿತ್ರ ಕಾಲರ್ ಐಡಿಗಳನ್ನು ನಿಭಾಯಿಸುವ ಬಗೆ

ಆಸ್ಟರಿಸ್ಕ್ ಎಂಬ ತಂತ್ರಾಂಶ ಬಳಸಿ ಕಚೇರಿಯ ಫೋನ್ ಎಕ್ಸ್‌ಚೇಂಜ್ ನಡೆಸುವವರಿಗೆ ಬೇಗನೆ ಎದುರಾಗುವ ತೊಡಕೊಂದಿದೆ. ಮೈಸೂರಿನ ಒಂದೇ ಸ್ಥಿರ ದೂರವಾಣಿಯಿಂದ ಬಂದ ಕರೆಯ ಸಂಖ್ಯೆ ಒಂದು ಟ್ರಂಕ್‌ನಲ್ಲಿ (ಹೊರಗಿನ ದೂರವಾಣಿ ಜಾಲಕ್ಕೆ ಜೋಡಿಸುವ ಸಂಪರ್ಕದಲ್ಲಿ) +91821 ಎಂದೂ, ಇನ್ನೊಂದರಲ್ಲಿ 0821 ಎಂದೂ, ಮತ್ತೊಂದರಲ್ಲಿ ಬರೀ 821 ಎಂದೂ ಆರಂಭವಾಗುತ್ತದೆ. ಕೆಲವು ಕರೆಗಳಲ್ಲಿ ಸಂಖ್ಯೆಯ ಜಾಗದಲ್ಲಿ ‘ಅನಾನಿಮಸ್’ ಎಂಬ ಪದವೋ, ಆಚೆ ಕಡೆಯ ಟ್ರಂಕ್‌ನ ಹೆಸರೋ ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಇಂಟರ್ನೆಟ್ ಮೂಲಕ ಕರೆಗಳನ್ನು ಜೋಡಿಸುವ ಸಿಪ್ ನಿಯಮಾವಳಿಯ ಸಂದೇಶದಲ್ಲಿ, ಕರೆ ಯಾರದೆಂದು ಹೇಳುವ ಫ್ರಮ್ ಹೆಡರ್‌ನಲ್ಲಿ ಕಳುಹಿಸುವವರು ತಮಗೆ ತೋಚಿದ್ದನ್ನು ಬರೆಯಬಹುದಾದ ಕಾರಣ, ಅಲ್ಲಿರುವುದನ್ನು ಕರೆ ಮಾಡಿದವರ ಹೇಳಿಕೆಯೆಂದಷ್ಟೇ ಪರಿಗಣಿಸಿ ಕೆಲಸ ಆರಂಭಿಸಬೇಕು.

ಮೊದಲು ಕನ್ಸೋಲ್‌ನಲ್ಲಿ ‘ಪಿಜೆಸಿಪ್ ಸೆಟ್ ಲಾಗರ್ ಆನ್’ ಆದೇಶ ಕೊಟ್ಟು, ನಿಜವಾಗಿ ಏನು ಬರುತ್ತಿದೆಯೆಂಬುದನ್ನು ನೋಡಿರಿ. ಫ್ರಮ್ ಜೊತೆಗೆ ಪಿ-ಅಸರ್ಟೆಡ್-ಐಡೆಂಟಿಟಿ (ಜಾಲವು ದೃಢಪಡಿಸಿದ ಗುರುತು) ಮತ್ತು ಪ್ರೈವಸಿ (ಗುರುತನ್ನು ಮರೆಮಾಡುವ ಕೋರಿಕೆ) ಹೆಡರ್‌ಗಳನ್ನೂ ಗಮನಿಸಬೇಕು. 2002ರ ಆರ್‌ಎಫ್‌ಸಿ 3325 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ವಿವರಿಸಿರುವ ಪಿ-ಅಸರ್ಟೆಡ್-ಐಡೆಂಟಿಟಿಯು ಪರಸ್ಪರ ನಂಬುವ ಜಾಲಗಳ ನಡುವೆ ಬಳಸಲೆಂದೇ ಇರುವಂಥದ್ದು. ಆದ್ದರಿಂದಲೇ ಹೊರಗಿನಿಂದ ಬಂದ ಗುರುತನ್ನು ನಂಬಬೇಕೇ ಎಂದು ನಿರ್ಧರಿಸುವ ಆಸ್ಟರಿಸ್ಕ್‌ನ ‘ಟ್ರಸ್ಟ್ ಐಡಿ ಇನ್‌ಬೌಂಡ್’ ಆಯ್ಕೆ ಮೂಲತಃ ‘ನೋ’ ಆಗಿರುತ್ತದೆ. ಅದನ್ನು ನಿಮ್ಮ ದೂರವಾಣಿ ಸೇವಾದಾರರ ಟ್ರಂಕ್‌ಗೆ ಮಾತ್ರ ತೆರೆಯಿರಿ.

ಸಂಖ್ಯೆಯನ್ನು ತಿದ್ದುವ ಮುನ್ನ, ಬಂದದ್ದನ್ನು ಬಂದ ಹಾಗೆಯೇ ಒಂದು ವೇರಿಯೇಬಲ್‌ನಲ್ಲಿಯೂ ಕರೆ ದಾಖಲೆಯ ಯೂಸರ್‌ಫೀಲ್ಡ್‌ನಲ್ಲಿಯೂ ಉಳಿಸಿಕೊಳ್ಳಿ. ಮುಂದೆ ದೂರು ಬಂದಾಗ ಅದೊಂದೇ ಸಾಕ್ಷಿ.

ಆಮೇಲೆ ಅದರ ಪ್ರತಿಯನ್ನು ಒಂದೇ ರೂಪಕ್ಕೆ ತರಬೇಕು. ಇದಕ್ಕೆ ಬಹುತೇಕರು ಅಂಕಿ ಮತ್ತು ಪ್ಲಸ್ ಚಿಹ್ನೆಯನ್ನಷ್ಟೇ ಉಳಿಸುವ ಫಿಲ್ಟರ್ ಫಂಕ್ಷನ್ ಬಳಸುತ್ತಾರೆ, ಆದರೆ ಅದನ್ನು ನೇರವಾಗಿ ಹಚ್ಚುವುದು ಅಪಾಯ: ‘ಟ್ರಂಕ್102’ ಎಂಬ ಹೆಸರು ಸೋಸಿದಾಗ 102 ಆಗಿ, ನಿಮ್ಮದೇ ಕಚೇರಿಯ ಒಂದು ಒಳ ಸಂಖ್ಯೆಯಂತೆ (ಎಕ್ಸ್‌ಟೆನ್ಷನ್) ಕಾಣಿಸುತ್ತದೆ. ಹಾಗಾಗಿ ಪಠ್ಯವನ್ನು ಮಾದರಿಯೊಂದಕ್ಕೆ ಹೋಲಿಸುವ ರೆಜೆಕ್ಸ್ ಫಂಕ್ಷನ್‌ನಿಂದ ಅಕ್ಷರಗಳಿವೆಯೇ ಎಂದು ಮೊದಲೇ ಪರೀಕ್ಷಿಸಿ, ಇದ್ದರೆ ಸಂಖ್ಯೆ ತಿಳಿಯದ ಕರೆಯೆಂದು ಗುರುತು ಹಾಕಿ, ಉಳಿದವುಗಳಿಂದ ಮಾತ್ರ ಖಾಲಿಜಾಗ, ಅಡ್ಡಗೆರೆ, ಆವರಣಗಳನ್ನು ತೆಗೆಯಿರಿ.

ಭಾರತದ ಟ್ರಂಕ್‌ಗೆ ನಿಯಮಗಳ ಕ್ರಮ ಹೀಗಿರಲಿ. ಪ್ಲಸ್‌ನಿಂದ ಆರಂಭವಾದರೆ ಮುಟ್ಟಬೇಡಿ. 00 ಇದ್ದರೆ ಅದರ ಜಾಗದಲ್ಲಿ ಪ್ಲಸ್ ಇಡಿ. ಒಂದೇ 0 ಇದ್ದು ನಂತರ 10 ಅಂಕಿಗಳಿದ್ದರೆ 0 ತೆಗೆದು +91 ಸೇರಿಸಿ. 91ರಿಂದ ಆರಂಭವಾಗಿ ಒಟ್ಟು 12 ಅಂಕಿಗಳಿದ್ದರೆ ಮುಂದೆ ಪ್ಲಸ್ ಮಾತ್ರ ಸಾಕು. ಬರೀ 10 ಅಂಕಿಗಳಿದ್ದರೆ +91 ಸೇರಿಸಿ. ಇಲ್ಲಿ ಉದ್ದವನ್ನು ಎಣಿಸುವುದನ್ನು ಮರೆಯಲೇಬಾರದು. ನಾನು ಹಿಂದೆ ಒಂದು ಚಿಕಿತ್ಸಾಲಯಕ್ಕಾಗಿ ಬರೆದ ನಿಯಮ ಉದ್ದ ನೋಡದೆ ಮೊದಲ 91 ಅನ್ನು ಕಿತ್ತುಹಾಕುತ್ತಿತ್ತು; 91ರಿಂದಲೇ ಆರಂಭವಾಗುವ ಹತ್ತಂಕಿಯ ಮೊಬೈಲ್ ಸಂಖ್ಯೆಗಳು ಎಂಟಂಕಿಯಾಗಿ ಉಳಿದು, ಆ ರೋಗಿಗಳಿಗೆ ಮರಳಿ ಕರೆ ಮಾಡುವುದಕ್ಕೇ ಆಗುತ್ತಿರಲಿಲ್ಲ. ಪ್ಲಸ್ ಬಿಟ್ಟು 15 ಅಂಕಿಗಳನ್ನು ಮೀರಿದ್ದು ದೂರವಾಣಿ ಸಂಖ್ಯೆಗಳ ಅಂತರರಾಷ್ಟ್ರೀಯ ಮಾನದಂಡವಾದ ಇ.164ಕ್ಕೆ ಒಪ್ಪುವುದಿಲ್ಲವಾದ್ದರಿಂದ ಅದನ್ನೂ ತಿಳಿಯದ ಕರೆಗಳ ಗುಂಪಿಗೆ ಹಾಕಿರಿ.

ಸಂಖ್ಯೆ ಬಾರದ ಕರೆಗಳಿಗೆ ಆಸ್ಟರಿಸ್ಕ್‌ನಲ್ಲಿ ಪ್ರೈವಸಿ ಮ್ಯಾನೇಜರ್ ಇದೆ. ಕರೆ ಮಾಡಿದವರು ತಮ್ಮ ಸಂಖ್ಯೆಯನ್ನು ಒತ್ತುವಂತೆ ಅದು ಕೇಳುತ್ತದೆ, ನೀವು ಅದರ ಸೆಟ್ಟಿಂಗ್ ಬದಲಾಯಿಸದಿದ್ದರೆ ಮೂರು ಅವಕಾಶ ಕೊಟ್ಟು ಕನಿಷ್ಠ 10 ಅಂಕಿಗಳನ್ನು ನಿರೀಕ್ಷಿಸುತ್ತದೆ. ಮಾರಾಟದ ಕರೆಗಳಿಂದ ಬೇಸತ್ತ ಕಚೇರಿಗೆ ಇದು ಒಪ್ಪುತ್ತದೆ. ಆಸ್ಪತ್ರೆ ಅಥವಾ ಸಹಾಯವಾಣಿಯಲ್ಲಿ ಇದನ್ನು ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಸಂಕಟದಲ್ಲಿರುವವರು ತಮ್ಮ ಸಂಖ್ಯೆಯನ್ನು ಮರೆಮಾಡಲು ಕಾರಣವಿರಬಹುದು.

ಹೆಸರಿನ ಭಾಗಕ್ಕೆ ಬೇರೆಯೇ ಎಚ್ಚರಿಕೆ ಬೇಕು. ಎಲ್ಲ ಲಿಪಿಗಳನ್ನೂ ಒಳಗೊಳ್ಳುವ ಯುಟಿಎಫ್-8 ಸಂಕೇತಕ್ರಮವನ್ನು ಸಿಪ್ ಬಳಸುವುದರಿಂದ ಕನ್ನಡದ ಹೆಸರು ಸರಿಯಾಗಿಯೇ ಬರಬಲ್ಲದು, ಕನ್ನಡ ಫಾಂಟ್ ಇಲ್ಲದ ಮೇಜಿನ ಫೋನ್‌ನಲ್ಲಿ ಅದು ಚೌಕಗಳಾಗಿ ಕಂಡರೂ ದಾಖಲೆಯಿಂದ ಅಳಿಸಬೇಡಿ. ಪರದೆಗೆ ಸಂಖ್ಯೆಯನ್ನು ಕಳುಹಿಸಿದರೆ ಸಾಕು. ಉದ್ಧರಣ ಚಿಹ್ನೆ, ಅರ್ಧವಿರಾಮ, ಆ್ಯಂಪರ್ಸೆಂಡ್‌ಗಳಿರುವ ಹೆಸರನ್ನು ಸಿಸ್ಟಮ್ ಆದೇಶಕ್ಕೆ ಸೋಸದೆ ಕೊಟ್ಟರೆ, ಕರೆ ಮಾಡಿದವರು ನಿಮ್ಮ ಸರ್ವರ್‌ನಲ್ಲಿ ತಮ್ಮ ಆದೇಶವನ್ನು ನಡೆಸುವ ದಾರಿ ತೆರೆದುಕೊಳ್ಳುತ್ತದೆ. ಡೇಟಾಬೇಸ್‌ಗೆ ಬರೆಯುವಾಗಲೂ ಇಂಥ ಚಿಹ್ನೆಗಳನ್ನು ಎಸ್ಕೇಪ್ ಮಾಡುವುದು, ಅಂದರೆ ಆದೇಶದ ಭಾಗವಾಗದಂತೆ ತಡೆಯುವುದು, ಕಡ್ಡಾಯ.

ವಾಯ್ಸ್‌ಮೇಲ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. ಕಾಲರ್ ಐಡಿ ನೋಡಿ ಪಾಸ್‌ವರ್ಡ್ ಕೇಳದೆ ಪೆಟ್ಟಿಗೆ ತೆರೆಯುವ ಏರ್ಪಾಡು ಹೊರಗಿನ ಕರೆಗಳಿಗೂ ಮೆನುವಿನ ಮೂಲಕ ಸಿಗುವಂತಿದ್ದರೆ, ಯಾರೋ 101 ಎಂದು ಬರೆದುಕೊಂಡು ಬಂದು 101ರವರ ಸಂದೇಶಗಳನ್ನು ಕೇಳಬಹುದು. ಟ್ರಂಕ್‌ನಿಂದ ಬಂದ ಪ್ರತಿಯೊಂದು ಕರೆಗೂ ‘ಹೊರಗಿನದು’ ಎಂಬ ಗುರುತನ್ನು ಪ್ರವೇಶದಲ್ಲೇ ಹಾಕಿ, ಆ ಗುರುತಿದ್ದಾಗ ಪಾಸ್‌ವರ್ಡ್ ಕೇಳುವಂತೆ ಮಾಡಿರಿ. ಕೊನೆಗೆ ಮೊಬೈಲ್‌ನಿಂದ, ಸ್ಥಿರ ದೂರವಾಣಿಯಿಂದ, ವಿದೇಶದಲ್ಲಿರುವ ಪರಿಚಿತರಿಂದ ಮತ್ತು ಸಂಖ್ಯೆ ಮರೆಮಾಡಿ ಒಂದೊಂದು ಕರೆ ಮಾಡಿಸಿ, ಯೂಸರ್‌ಫೀಲ್ಡ್‌ನ ಮೂಲವನ್ನು ತಿದ್ದಿದ ಸಂಖ್ಯೆಯೊಂದಿಗೆ ಹೋಲಿಸಿ ನೋಡಿರಿ.