ಅಜ್ಜ-ಅಜ್ಜಿಯ ವೇಷದಲ್ಲಿ ಮೈಸೂರಿಗೆ: ನಮ್ಮ ಗುಂಪಿನ ಒಂದು ಥೀಮ್ ಪ್ರವಾಸ

ಗೆಳೆಯರೆಲ್ಲ ಸೇರಿ ಥೀಮ್ ಇಟ್ಟುಕೊಂಡು ಹೊರಗೆ ಹೋಗೋಣ ಅಂದರೆ ಸಾಮಾನ್ಯವಾಗಿ ಬರುವ ಸಲಹೆ ಎರಡೇ. ಒಂದು, ಎಲ್ಲರೂ ಒಂದೇ ಬಣ್ಣದ ಬಟ್ಟೆ. ಇನ್ನೊಂದು, ಟ್ರೆಡಿಷನಲ್. ಎರಡನ್ನೂ ನಾವು ಮಾಡಿ ನೋಡಿದ್ದೇವೆ. ಟ್ರೆಡಿಷನಲ್ ಅಂದ ಕೂಡಲೇ ಹೆಂಗಸರೆಲ್ಲ ಮದುವೆಗೆ ಉಡುವ ರೇಷ್ಮೆ ಸೀರೆ ತೆಗೆಯುತ್ತಾರೆ, ಗಂಡಸರೆಲ್ಲ ಬಿಳಿ ಶರ್ಟು, ಬಿಳಿ ಪಂಚೆಯಲ್ಲಿ ಬರುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತಿನಲ್ಲೇ ವೇಷದ ಮಾತು ಮುಗಿದು ಎಲ್ಲರೂ ಆಫೀಸು, ಟ್ರಾಫಿಕ್ಕು, ಮಕ್ಕಳ ಸ್ಕೂಲ್ ಫೀಸಿಗೆ ಬಂದಿರುತ್ತಾರೆ. ಥೀಮ್ ಚಿಕ್ಕದಾಗಿರಬೇಕು, ಬಿಗಿಯಾಗಿರಬೇಕು, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೊಳೆಯುವಂತಿರಬೇಕು. ಆಗ ಮಾತು ತಾನಾಗಿ ಬೆಳೆಯುತ್ತದೆ.

ನಾನು ಬಾಗಲಕೋಟೆ ಕಡೆಯವಳು, ಇರೋದು ಬೆಂಗಳೂರಿನಲ್ಲಿ. ಕಾಲೇಜಿನಿಂದ ಬಂದ ಹತ್ತು-ಹನ್ನೆರಡು ಜನರ ಗುಂಪು ನಮ್ಮದು, ಮಂಗಳೂರು, ಮಡಿಕೇರಿ, ಮಂಡ್ಯ, ಮೈಸೂರು, ಎಲ್ಲ ಕಡೆಯವರೂ ಇದ್ದಾರೆ. ಇಂಥ ಪ್ರವಾಸಗಳ ಏರ್ಪಾಟು ನನ್ನ ಪಾಲಿಗೆ ಬಂದಿದೆ, ನನಗೆ ಅದು ಇಷ್ಟವೂ ಹೌದು. ನಾವು ಮಾಡಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೂಡಿಬಂದ ಥೀಮ್ ಇದು: ನಿಮ್ಮ ಸ್ವಂತ ಅಜ್ಜನೋ ಅಜ್ಜಿಯೋ ಇಪ್ಪತ್ತೈದು ಮೂವತ್ತು ವರ್ಷದವರಿದ್ದಾಗ ಹೇಗಿದ್ದರೋ ಹಾಗೆ ಬನ್ನಿ. ಎಲ್ಲರೂ ಹಾಗೇ ತಯಾರಾಗಿ ರೈಲಿನಲ್ಲಿ ಮೈಸೂರಿಗೆ ಹೋಗಿ ರಾತ್ರಿ ವಾಪಸ್.

ಸ್ವಂತ ಅಜ್ಜ-ಅಜ್ಜಿಯೇ ಆಗಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಕಾರಣ ಇದೆ. ಫ್ಯಾನ್ಸಿ ಡ್ರೆಸ್ ಅಂದರೆ ಬೇರೆಯವರ ಬಡತನವನ್ನೋ, ಕಸುಬನ್ನೋ, ಜಾತಿಯನ್ನೋ ನಗೆಗೆ ಎಳೆಯೋದು ಬಹಳ ಸಲೀಸು. ನಮ್ಮ ಮಂಗಳೂರಿನ ಗೆಳತಿ ಮೊದಲೇ ಈ ಮಾತು ಎತ್ತಿದಳು. ಅವರ ಕಡೆ ನವರಾತ್ರಿಗೆ ಹುಲಿ, ಕರಡಿ, ಸಿಂಹ ಅಂತ ನೂರೆಂಟು ವೇಷ ಹಾಕುತ್ತಾರೆ, ಎಷ್ಟೋ ಜನ ಹರಕೆ ಹೊತ್ತು ಹಾಕುತ್ತಾರೆ. ಆದರೆ ಹಿಂದೆ ಕೊರಗ ಸಮುದಾಯದವರನ್ನು ಅಣಕಿಸುವ ವೇಷವೂ ಇತ್ತು, ಆ ಸಮುದಾಯದವರು ಇದು ನಮಗೆ ಅವಮಾನ ಅಂತ ಎದ್ದು ನಿಂತು ಹೇಳಬೇಕಾಯಿತು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾಯ್ದೆ ತಂದು ನಿಷೇಧಿಸಿದೆ. ಹಾಗಾಗಿ ನಮ್ಮಲ್ಲಿ ನಿಯಮ ಸ್ಪಷ್ಟ. ನಿಮ್ಮ ಮನೆಯವರ ವೇಷ ಹಾಕಿ, ಪಕ್ಕದ ಮನೆಯವರದು ಬೇಡ. ನಮ್ಮವರನ್ನೇ ಹಾಕಿಕೊಂಡಾಗ ಅಣಕ ಮಾಡಲು ಮನಸ್ಸೇ ಬರುವುದಿಲ್ಲ.

ಎರಡನೇ ನಿಯಮ ದುಡ್ಡಿನದು. ಒಬ್ಬರು ಐನೂರು ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಇದನ್ನು ಹೇಳದಿದ್ದರೆ ಒಬ್ಬರು ಬಾಡಿಗೆಗೆ ಪೂರ್ತಿ ಸೆಟ್ ತರುತ್ತಾರೆ, ಕೈಯಲ್ಲಿ ಕಾಸಿಲ್ಲದವರು ಸುಮ್ನೆ 'ಆ ದಿನ ಬರೋಕಾಗಲ್ಲ' ಅಂದುಬಿಡುತ್ತಾರೆ. ಬಟ್ಟೆ ಬೀರುವಿನಿಂದ, ಟ್ರಂಕಿನಿಂದ, ಅತ್ತೆ-ಚಿಕ್ಕಮ್ಮಂದಿರ ಮನೆಯಿಂದ ಬರಬೇಕು. ಚಿನ್ನ ಮಾತ್ರ ಬೇಡವೇ ಬೇಡ. ಬುಗುಡಿ, ನತ್ತು, ಅಡ್ಡಿಕೆ ಎಲ್ಲ ಗಿಲೀಟಿನದೇ ಸಿಗುತ್ತದೆ, ರೈಲಿನಲ್ಲಿ ನೆಮ್ಮದಿಯಾಗಿ ಕೂರಬಹುದು.

ಸುಮಾರು ಎರಡು ತಿಂಗಳು ಮೊದಲೇ ಹೇಳಿಬಿಡಿ. ನಿಜವಾದ ಕೆಲಸ ನಡೆಯೋದು ಆ ಎರಡು ತಿಂಗಳಲ್ಲೇ. ಎಲ್ಲರೂ ಊರಿಗೆ ಫೋನ್ ಮಾಡಲು ಶುರು ಮಾಡುತ್ತಾರೆ. ಅಜ್ಜಿಯ ಫೋಟೋ ಇದೆಯಾ, ಆ ಸೀರೆ ಯಾರ ಹತ್ತಿರ ಇದೆ, ಅಜ್ಜ ಪೇಟ ಸುತ್ತುತ್ತಿದ್ದರಾ ಟೋಪಿ ಹಾಕುತ್ತಿದ್ದರಾ? ವರ್ಷಗಟ್ಟಲೆ 'ಊಟ ಆಯ್ತಾ' ಬಿಟ್ಟರೆ ಬೇರೆ ಮಾತಿಲ್ಲದ ಅಪ್ಪಂದಿರು ಕೂಡ ಒಂದೊಂದು ಗಂಟೆ ಮಾತಾಡಿದರು ಅಂತ ನಮ್ಮವರು ಬಂದು ಹೇಳಿದರು.

ಆದರೆ ಫೋಟೋ ಕಡ್ಡಾಯ ಮಾಡಬೇಡಿ. ಇದು ಮುಖ್ಯ. ಆ ಕಾಲದಲ್ಲಿ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಳ್ಳುವುದು ಎಲ್ಲರಿಗೂ ಆಗುವ ಮಾತಾಗಿರಲಿಲ್ಲ. ಮಂಡ್ಯ ಕಡೆಯ ನಮ್ಮ ಗೆಳತಿಯ ಅಜ್ಜಿ ಕೂಲಿ ಮಾಡಿ ಬದುಕಿದವರು, ಅವರ ಒಂದು ಫೋಟೋ ಕೂಡ ಇಲ್ಲ. ಅವಳು ಅಮ್ಮನನ್ನು ಕೂರಿಸಿಕೊಂಡು ಕೇಳಿದಳು. ಅಮ್ಮ ನೆನಪು ಮಾಡಿಕೊಂಡದ್ದು ಮುಖವನ್ನಲ್ಲ, ಸೊಂಟದಲ್ಲಿರುತ್ತಿದ್ದ ಎಲೆಯಡಿಕೆ ಸಂಚಿಯನ್ನು. ಹಳೇ ಸೀರೆಯ ತುಂಡುಗಳಲ್ಲಿ ಹೊಲಿದದ್ದು, ಒಳಗೆ ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ಹೊಗೆಸೊಪ್ಪಿಗೆ ಒಂದು, ಚಿಲ್ಲರೆ ಕಾಸಿಗೆ ಎಲ್ಲಕ್ಕಿಂತ ಒಳಗಿನದು. ಎರಡೂ ಕಡೆ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ. ತಾಯಿ ಮಗಳು ಕೂತು ಅಂಥದೇ ಒಂದು ಸಂಚಿ ಹೊಲಿದರು. ಅವತ್ತು ಅವಳು ಉಟ್ಟದ್ದು ಒಂದು ನೂಲಿನ ಸೀರೆ, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು, ಸೊಂಟದಲ್ಲಿ ಸಂಚಿ. ಅಷ್ಟೇ. ರೈಲಿನಲ್ಲಿ ಎಲ್ಲರೂ ಅದನ್ನು ಕೈಗೆ ತೆಗೆದುಕೊಂಡು ಅರೆ ಬಿಚ್ಚಿ ಬಿಚ್ಚಿ ನೋಡಿದರು. ಜರಿ ಪೇಟಕ್ಕೆ, ರೇಷ್ಮೆ ಸೀರೆಗೆ ಸಿಗದ ಗಮನ ಅದಕ್ಕೆ ಸಿಕ್ಕಿತು.

ನನ್ನ ಅಜ್ಜಿಯದು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ. ಸೀರೆ ಅಮ್ಮನ ಟ್ರಂಕಿನಲ್ಲಿತ್ತು. ಇಳಕಲ್ ಸೀರೆಯ ಸೆರಗನ್ನು ಹತ್ತಿರದಿಂದ ನೋಡಿದ್ದೀರಾ? ಮೈ ನೂಲಿನದಾದರೂ ಸೆರಗು ಕೆಂಪು ರೇಷ್ಮೆ, ಅದರಲ್ಲಿ ಬಿಳಿ ತೆನೆಗಳು, ಅದಕ್ಕೇ ತೋಪ ತೆನಿ ಸೆರಗು ಅಂತಾರೆ. ಮೈಯ ಹಾಸಿನ ಎಳೆ (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲು), ಸೆರಗಿನ ಹಾಸಿನ ಎಳೆ ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸಿ ಆಮೇಲೆ ನೇಯುತ್ತಾರೆ, ಆ ಜೋಡಣೆಗೆ ಕೊಂಡಿ ಅಂತ ಹೆಸರು. ಬಾಗಲಕೋಟೆ ಜಿಲ್ಲೆಯಲ್ಲೇ ಹುಟ್ಟಿ ಬೆಳೆದರೂ ಆ ಜೋಡಣೆಯ ಗೆರೆಯನ್ನು ನಾನು ಬೆರಳಾಡಿಸಿ ನೋಡಿದ್ದು ಈ ನೆಪದಲ್ಲೇ.

ಕಚ್ಚೆ ಹಾಕಿ ಉಡೋದನ್ನು ಅಮ್ಮ ವಿಡಿಯೋ ಕಾಲ್‌ನಲ್ಲಿ ಕಲಿಸಿದಳು. "ಹಂಗಲ್ಲವಾ, ಮೊದಲ ನಡಕ್ಕ ಗಂಟ ಬಿಗೀ. ನಿರಿಗಿ ಆಮ್ಯಾಲೆ. ಕಚ್ಚಿ ಹಿಂದ ಸಿಗಸೂಮುಂದ ಒಮ್ಮೆ ಕುಂತು ಎದ್ದು ನೋಡು, ಬಿಗಿ ಆತಂದ್ರ ಸಡಲ ಮಾಡು." ಈ ಕೂತು ಎದ್ದು ನೋಡುವ ಸಲಹೆ ಬಂಗಾರದಂಥದು, ಯಾವ ವೇಷಕ್ಕಾದರೂ ಅನ್ವಯಿಸುತ್ತದೆ. ಕನ್ನಡಿ ಮುಂದೆ ನಿಂತಾಗ ಎಲ್ಲ ವೇಷವೂ ಚೆನ್ನ. ರೈಲಿನ ಮೆಟ್ಟಿಲು ಹತ್ತಬೇಕು, ಟಾಯ್ಲೆಟ್‌ಗೆ ಹೋಗಬೇಕು, ಊಟ ಮಾಡಬೇಕು, ಬಿಸಿಲಲ್ಲಿ ನಡೆಯಬೇಕು. ಇಷ್ಟನ್ನೂ ಮನೆಯಲ್ಲೇ ಒಂದು ಸಲ ಮಾಡಿ ನೋಡಿಕೊಂಡು ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂಬತ್ತು ಗಜದ ಕಚ್ಚೆ ಸೀರೆ ನಡೆಯಲು ಮಾತ್ರ ಬಹಳ ಹಗುರ, ಹೊಲದಲ್ಲಿ ದುಡಿಯುವವರು ಅದನ್ನೇ ಯಾಕೆ ಉಡುತ್ತಿದ್ದರು ಅಂತ ಉಟ್ಟು ನಡೆದಾಗಲೇ ಗೊತ್ತಾಗುತ್ತದೆ. ಕುಂಕುಮವನ್ನೂ ಅಜ್ಜಿ ಹಾಗೇ ಹಚ್ಚುತ್ತಿರಲಿಲ್ಲ, ಮೊದಲು ಹಣೆಗೆ ಮೇಣ ತಿಕ್ಕಿ ಅದರ ಮೇಲೆ ಒತ್ತುತ್ತಿದ್ದಳು. ನಾನೂ ಹಾಗೇ ಮಾಡಿದೆ, ರಾತ್ರಿ ಮನೆಗೆ ಬರುವವರೆಗೆ ಅಲುಗಾಡಲಿಲ್ಲ.

ಗಂಡಸರದ್ದು ಸುಲಭ ಅಂದುಕೊಳ್ಳುತ್ತಾರೆ, ಆದರೆ ಹೆಚ್ಚು ತಯಾರಿ ಬೇಕಾದದ್ದು ಅವರಿಗೇ. ಮೈಸೂರಿನವನ ಅಜ್ಜ ಗುಮಾಸ್ತರು. ಕಚ್ಚೆ ಪಂಚೆ, ಕತ್ತಿನವರೆಗೆ ಗುಂಡಿ ಹಾಕುವ ಕೋಟು, ಜರಿ ಪೇಟ, ಕೈಯಲ್ಲಿ ಕೊಡೆ. ಈಗ ರೆಡಿಮೇಡ್ ಪೇಟ ಎಲ್ಲ ಕಡೆ ಸಿಗುತ್ತದೆ, ಆದರೆ ತಲೆಯ ಸುತ್ತಳತೆ ತೆಗೆದುಕೊಂಡೇ ಹೋಗಬೇಕು, ಸಡಿಲವಾದರೆ ಕಣ್ಣಿಗೆ ಬರುತ್ತದೆ. ಕೋಟು ನಾಟಕದ ಡ್ರೆಸ್ ಬಾಡಿಗೆ ಅಂಗಡಿಯಿಂದ ತಂದೆವು. ತೆಗೆದುಕೊಳ್ಳುವಾಗಲೇ ಗುಂಡಿ, ಹೊಲಿಗೆ, ಕಲೆ ಎಲ್ಲ ನೋಡಿ, ಅಂಗಡಿಯವರ ಎದುರೇ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ, ಅಡ್ವಾನ್ಸ್ ವಾಪಸ್ ಕೇಳುವಾಗ ಜಗಳ ಇರೋದಿಲ್ಲ.

ಮಡಿಕೇರಿಯವನು ಅಜ್ಜನ ಕುಪ್ಯವನ್ನೇ ತಂದಿದ್ದ. ಕಪ್ಪು ಬಣ್ಣದ ಉದ್ದ ನಿಲುವಂಗಿ, ನಡುವಿಗೆ ಕೆಂಪು ರೇಷ್ಮೆಯ ಚೇಲೆ. ಅದಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಮನೆಯಲ್ಲೇ ಬಿಟ್ಟು ಬಾ ಅಂತ ನಾನು ಮೊದಲೇ ಹೇಳಿದ್ದೆ. ರೈಲ್ವೆ ಸ್ಟೇಷನ್ ಅದು, ಸೆಕ್ಯೂರಿಟಿಯವರಿಗೆ ನಮ್ಮ ಅಜ್ಜನ ಕಥೆ ಹೇಳುತ್ತಾ ನಿಂತರೆ ರೈಲು ಹೋಗುತ್ತದೆ. ಅವನ ಅಜ್ಜನಿಗೆ ದಪ್ಪ ಮೀಸೆ ಬೇರೆ. ಅಂಟಿಸುವ ಮೀಸೆಗೆ ನಾಟಕದವರು ಬಳಸುವ ಸ್ಪಿರಿಟ್ ಗಮ್ ತಂದೆವು. ಹಿಂದಿನ ದಿನ ಮೊಣಕೈ ಒಳಗೆ ಒಂದು ಚೂರು ಹಚ್ಚಿ ತುರಿಕೆ ಬರುತ್ತದಾ ನೋಡಿಕೊಳ್ಳಬೇಕು. ಹಚ್ಚುವ ಜಾಗದಲ್ಲಿ ಬೆವರು, ಎಣ್ಣೆ ಇರಬಾರದು. ಅಂಟು ಹಚ್ಚಿ ಅರೆ ನಿಮಿಷ ಬಿಟ್ಟು, ಕೈಗೆ ಜಿಗುಟು ಅನ್ನಿಸಿದ ಮೇಲೆ ಮೀಸೆ ಒತ್ತಬೇಕು. ತೆಗೆಯುವಾಗ ಎಳೆಯಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ.

ಈಗ ಜಾಗದ ವಿಷಯ. ವೇಷಕ್ಕೂ ಜಾಗಕ್ಕೂ ಕಾಲ ಹೊಂದಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಅಜ್ಜ-ಅಜ್ಜಿಯರೆಲ್ಲ ಯೌವನದಲ್ಲಿದ್ದದ್ದು 1940-50ರ ಸುಮಾರಿಗೆ. ಆ ವೇಷದಲ್ಲಿ ಮಾಲ್‌ಗೆ ಹೋದರೆ ವೇಷ ಬೇರೆ, ಊರು ಬೇರೆ ಅನ್ನಿಸುತ್ತದೆ. ಮೈಸೂರು ಇದಕ್ಕೆ ಹೇಳಿ ಮಾಡಿಸಿದ್ದು. ಸ್ಟೇಷನ್ ಪಕ್ಕದಲ್ಲೇ ರೈಲು ಮ್ಯೂಸಿಯಂ ಇದೆ, 1979ರಲ್ಲಿ ಶುರುವಾದದ್ದು. ಹಳೇ ಉಗಿಬಂಡಿಗಳಿವೆ, ಮಹಾರಾಣಿಯವರಿಗಾಗಿ 1899ರಲ್ಲಿ ಮಾಡಿದ ಸಲೂನ್ ಬೋಗಿ, ಅಂದರೆ ಅವರ ಖಾಸಗಿ ಪ್ರಯಾಣದ ಬೋಗಿ ಇದೆ. ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅಂದರೆ ನಮ್ಮ ಅಜ್ಜಂದಿರು ನೋಡಿರಬಹುದಾದ ಗೋಡೆ, ಗಾಲಿ, ಕಂಬಗಳ ಎದುರೇ ನಾವು ನಿಲ್ಲುತ್ತೇವೆ. ಬೆಂಗಳೂರಿನಿಂದ ಸುಮಾರು 140 ಕಿ.ಮೀ. ಅಷ್ಟೇ, ಒಂದೇ ದಿನದಲ್ಲಿ ಹೋಗಿ ಬರಬಹುದು. ಭಾನುವಾರವೇ ಇಟ್ಟುಕೊಳ್ಳಿ, ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಡಿಸೆಂಬರ್-ಜನವರಿ ಒಳ್ಳೆಯದು, ಕೋಟು ಹಾಕಿದವರ ಕಷ್ಟ ಕಡಿಮೆ.

ರೈಲಿನಲ್ಲಿ ಜನ ನೋಡೇ ನೋಡುತ್ತಾರೆ. "ಏನಮ್ಮಾ, ನಾಟಕದ ಕಂಪನಿಯವರಾ?" ಅಂತ ರಾಮನಗರದಲ್ಲಿ ಹತ್ತಿದ ಯಜಮಾನರೊಬ್ಬರು ಕೇಳಿದರು. ಇಲ್ಲ ತಾತ, ನಮ್ಮ ನಮ್ಮ ಅಜ್ಜ-ಅಜ್ಜಿಯಾಗಿ ಹೊರಟಿದ್ದೇವೆ ಅಂದೆ. ಅವರು ಮಂಡ್ಯ ಬರುವವರೆಗೆ ನಮ್ಮ ಜೊತೆಯೇ ಕೂತರು, ಮೈಸೂರಿನವನ ಪಂಚೆಯ ಕಚ್ಚೆ ಸರಿಯಿಲ್ಲ ಅಂತ ಬಿಚ್ಚಿಸಿ ಕಟ್ಟಿಸಿದರು. ಜನರ ಈ ಕುತೂಹಲಕ್ಕೆ ಮುಜುಗರ ಪಡಬೇಡಿ, ನಗುತ್ತಾ ಎರಡು ಮಾತು ಹೇಳಿದರೆ ಇಡೀ ಬೋಗಿ ನಿಮ್ಮ ಕಡೆ ಇರುತ್ತದೆ. ಕೇಳದೆ ವಿಡಿಯೋ ಮಾಡುವವರಿಗೆ ಮಾತ್ರ ಬೇಡ ಅಂತ ನೇರವಾಗಿ ಹೇಳಿಬಿಡಿ.

ಊಟ ಮನೆಯಿಂದಲೇ. ನಮ್ಮಲ್ಲಿ ಇಬ್ಬರ ಅಜ್ಜಿಯರು ಜೀವಮಾನದಲ್ಲಿ ಹೋಟೆಲ್ ಊಟ ಮಾಡಿದವರಲ್ಲ, ಹಾಗಾಗಿ ಬುತ್ತಿ ಕಟ್ಟೋಣ ಅಂತಾಯಿತು. ನನ್ನದು ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಉಳಿದವರು ಚಿತ್ರಾನ್ನ, ಮೊಸರನ್ನ, ಹುಣಸೆಹಣ್ಣಿನ ಗೊಜ್ಜು. ಮದ್ದೂರು ವಡೆಗೆ ಮಾತ್ರ ವಿನಾಯಿತಿ ಕೊಟ್ಟೆವು, ಆ ದಾರಿಯಲ್ಲಿ ಅದಿಲ್ಲದೆ ಆಗೋದಿಲ್ಲ.

ಆಟ ಒಂದೇ ಇಟ್ಟಿದ್ದೆ. ಒಬ್ಬೊಬ್ಬರಾಗಿ ಅಜ್ಜ-ಅಜ್ಜಿಯ ಬಾಯಲ್ಲೇ ತಮ್ಮ ಪರಿಚಯ ಹೇಳಬೇಕು. 'ನಾನು ಇಂಥವರ ಮಗಳು, ಹದಿನಾಲ್ಕಕ್ಕೆ ಮದುವೆ, ಗಂಡನ ಮನೆಗೆ ಚಕ್ಕಡಿಯಲ್ಲಿ ಬಂದೆ' ಅಂತ. ಉಳಿದವರು ಪ್ರಶ್ನೆ ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ ಅಲ್ಲೇ ಊರಿಗೆ ಫೋನ್. ನಾಚಿಕೆ ಸ್ವಭಾವದವರು ಕೂಡ ಮಾತಾಡಿದರು, ಯಾಕೆಂದರೆ ಅವರು ತಮ್ಮ ಬಗ್ಗೆ ಹೇಳಬೇಕಾಗಿರಲಿಲ್ಲ. ಬಹುಮಾನ, ಅಂಕ, ಬೆಸ್ಟ್ ಡ್ರೆಸ್ ಇವೆಲ್ಲ ನಮ್ಮಲ್ಲಿಲ್ಲ. ಒಬ್ಬರ ಅಜ್ಜಿಗಿಂತ ಇನ್ನೊಬ್ಬರ ಅಜ್ಜಿ ಹೆಚ್ಚು ಅಂತ ಯಾರು ಹೇಳೋದು?

ಮ್ಯೂಸಿಯಂನಲ್ಲಿ ಹಳೇ ಸ್ಟುಡಿಯೋ ಶೈಲಿಯಲ್ಲೇ ಫೋಟೋ ತೆಗೆದೆವು. ಒಬ್ಬರು ಕುರ್ಚಿಯಲ್ಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು, ಕೈ ನೇರ, ನಗು ಇಲ್ಲ. ದೊಡ್ಡ ಕ್ಯಾಮೆರಾ, ಸ್ಟ್ಯಾಂಡ್ ತರುವುದಾದರೆ ಮೊದಲೇ ಅಲ್ಲಿಯವರನ್ನು ಕೇಳಿಕೊಳ್ಳಿ, ಮೊಬೈಲ್ ಸಾಕು ಅನ್ನೋದು ನನ್ನ ಮಾತು. ಒಳಗೆ ಹಳೇ ಬೋಗಿಗಳ ಮೇಲೆ ಹತ್ತುವ, ಒರಗುವ ಉತ್ಸಾಹ ಬೇಡ.

ವಾಪಸ್ ಬಂದ ಮೇಲಿನ ಕೆಲಸವನ್ನು ಯಾರೂ ಹೇಳೋದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಹಳೇ ರೇಷ್ಮೆಯನ್ನು ಅವತ್ತೇ ಮಡಿಸಿ ಒಳಗಿಡಬೇಡಿ. ನೆರಳಲ್ಲಿ ಒಂದು ದಿನ ಹರಡಿ ಬೆವರು ಆರಿಸಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿ, ತೊಳೆದ ಬಿಳಿ ಬಟ್ಟೆಯಲ್ಲಿ ಸುತ್ತಿಡಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಜರಿ ಅಲ್ಲೇ ಸೀಳುತ್ತದೆ. ಬೇರೆಯವರ ಮನೆಯಿಂದ ತಂದದ್ದನ್ನು ಪೋಸ್ಟ್‌ನಲ್ಲಿ ಕಳಿಸದೆ ಕೈಯಾರೆ ಕೊಟ್ಟು ಬನ್ನಿ, ಫೋಟೋದ ಒಂದು ಪ್ರಿಂಟ್ ಜೊತೆಗೆ. ನಾವು ಎಲ್ಲ ಮನೆಗೂ ಪ್ರಿಂಟ್ ಕೊಟ್ಟೆವು, ಹಿಂದೆ ಅಜ್ಜ-ಅಜ್ಜಿಯ ಹೆಸರು, ಊರು ಬರೆದು. ಮಂಡ್ಯದವಳ ಅಮ್ಮ ಮಾತ್ರ ಎರಡು ಪ್ರಿಂಟ್ ಕೇಳಿದರು, ಒಂದು ತಮ್ಮ ಅಣ್ಣನ ಮನೆಗೆ ಬೇಕಂತೆ.