ಮಾರ್ಕನನ್ನು ನೂರಹತ್ತು ಮನೆಗೆ ಹಂಚಿದ್ದು

"ಬರೆಯೋಕೆ ಯಾರಿಗೆ ಪುರುಸೊತ್ತಿದೆ ಮೇಷ್ಟ್ರೇ? ನಮ್ ಜನಕ್ಕೆ ಓದೋಕೇ ಬೇಜಾರು." ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಶುಭಸಂದೇಶವನ್ನು ಮನೆಗಿಷ್ಟು ಅಂತ ಹಂಚಿ ಕೈಯಲ್ಲಿ ಬರೆಸಿ ಪುಸ್ತಕ ಮಾಡೋಣ ಅಂತ ನಾನು ಅಂದಾಗ, 2024ರ ಜನವರಿ ಕೊನೆಯಲ್ಲಿ ನಮ್ಮ ಚರ್ಚಿನ ಪಾಲನಾ ಸಮಿತಿ ಸಭೆಯಲ್ಲಿ ಖಜಾಂಚಿಯವರು ಹೀಗಂದು ನಕ್ಕಿದ್ದರು. ಆ ಪುಸ್ತಕ ಈಗ ನಮ್ಮ ದೇವಾಲಯದಲ್ಲಿ ಪೀಠದ ಪಕ್ಕದ ಸ್ಟ್ಯಾಂಡಿನ ಮೇಲಿದೆ. ಮೊನ್ನೆ ಬೇರೆ ಧರ್ಮಕೇಂದ್ರದವರು, ಅಂದರೆ ಬೇರೆ ಚರ್ಚಿನವರು, ನೋಡಲು ಬಂದಿದ್ದರು. ಒಂದೊಂದೇ ಹಾಳೆ ತಿರುವಿ ತೋರಿಸಿದವರು ಇದೇ ಖಜಾಂಚಿಯವರು. ನಾನು ಏನೂ ಅನ್ನಲಿಲ್ಲ, ಸುಮ್ನೆ ಕಾಫಿ ಕುಡಿದೆ.

ನಮ್ಮದು ಕನಕಪುರ ಕಡೆಯ ಹಳ್ಳಿ. ಸುಮಾರು ನೂರಹತ್ತು ಕಥೋಲಿಕ ಮನೆಗಳಿವೆ. ಅರ್ಧ ಜನ ರೇಷ್ಮೆ ಹುಳ ಸಾಕುತ್ತಾರೆ. ಇನ್ನರ್ಧ ಜನ ಬೆಳಗಾದರೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಭಾನುವಾರದ ಧರ್ಮೋಪದೇಶ ತರಗತಿ ನೋಡಿಕೊಳ್ಳುವುದು ನನ್ನ ಕೆಲಸ, ಹದಿನೈದು ವರ್ಷವಾಯಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಏನೇನು ನಡೆಯುತ್ತದೆ ಅಂತ ನಿಮಗೇ ಗೊತ್ತು. ಶುಕ್ರವಾರ ಶಿಲುಬೆಹಾದಿ (ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಸ್ಥಳ ಸ್ಥಳವಾಗಿ ನೆನೆಯುವ ಪ್ರಾರ್ಥನೆ), ಒಂದು ದಿನ ಧ್ಯಾನಕೂಟ, ಪಾಪನಿವೇದನೆ, ಮಕ್ಕಳ ಕೈಗೆ ಉಳಿತಾಯದ ಡಬ್ಬಿ. ಅದನ್ನೆಲ್ಲ ಬಿಟ್ಟು ನಾನು ಕೈ ಸುಟ್ಟುಕೊಂಡ ಕಥೆಗೆ ಬರುತ್ತೇನೆ.

2022ರಲ್ಲಿ ವಾಟ್ಸಾಪ್ ಮಾಡಿದೆ. ದಿನಾ ಬೆಳಗ್ಗೆ ಐದಕ್ಕೆ ಎದ್ದು, ಅಂದಿನ ಶುಭಸಂದೇಶದ ಮೇಲೆ ನಾಲ್ಕು ನಿಮಿಷ ಮಾತಾಡಿ ಗುಂಪಿಗೆ ಹಾಕುತ್ತಿದ್ದೆ. ಅರವತ್ತು ಜನ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ನಾನು ಉಬ್ಬಿಹೋದೆ. ಮೂರನೇ ವಾರ ಒಂದು ದಿನ ಬೇಕಂತಲೇ ಹಿಂದಿನ ದಿನದ ಆಡಿಯೊವನ್ನೇ ಮತ್ತೆ ಹಾಕಿದೆ. ಅದಕ್ಕೂ ಐವತ್ತು ಚಿಲ್ಲರೆ ಕೈಗಳು ಮುಗಿದವು. ಒಬ್ಬರೂ ಕೇಳುತ್ತಿಲ್ಲ ಅಂತ ಅವತ್ತು ತಿಳಿಯಿತು. ಖರ್ಚು ಮಾತ್ರ ಸೊನ್ನೆ.

2023ರದು ಖರ್ಚಿನ ಸೋಲು. ಮನೆಮಂದಿಗೆಲ್ಲ ಶ್ರೀಗ್ರಂಥ ಕ್ವಿಜ್. ಫ್ಲೆಕ್ಸು, ಮೈಕು, ಶಾಮಿಯಾನ, ಮೊದಲ ಬಹುಮಾನಕ್ಕೆ ಮಿಕ್ಸಿ. ಹದಿನೆಂಟು ಸಾವಿರದ ಹತ್ತಿರ ಹೋಯಿತು. ಬಂದದ್ದು ಎಂಟು ಕುಟುಂಬ. ತಪಸ್ಸುಕಾಲ ಎಷ್ಟು ದಿನ ಅಂತ ನಾನೇ ಒಂದು ಸುಲಭದ ಪ್ರಶ್ನೆ ಹಾಕಿದ್ದೆ. ಒಂದು ತಂಡ ನಲವತ್ತು ಅಂದಿತು. ಇನ್ನೊಂದು ತಂಡದ ಹುಡುಗ ಕ್ಯಾಲೆಂಡರ್ ಹಿಡಿದು, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಎಣಿಸಿ ನಲವತ್ತಾರು ಅಂದ. ಭಾನುವಾರಗಳನ್ನು ಲೆಕ್ಕಕ್ಕೆ ಹಿಡಿಯಲ್ಲ ಅಂತ ನಾನು ಹೇಳುವಷ್ಟರಲ್ಲಿ ಅಪ್ಪಂದಿರು ಎದ್ದು ನಿಂತಿದ್ದರು. ಮಿಕ್ಸಿ ಒಂದು ಮನೆಗೆ ಹೋಯಿತು. ಇನ್ನೊಂದು ಮನೆಯವರು ಮುಂದಿನ ಕ್ರಿಸ್ಮಸ್ ತನಕ ನನ್ನ ಜೊತೆ ಮಾತು ಬಿಟ್ಟರು.

ಬರೆಸುವ ಯೋಚನೆ ಬಂದದ್ದು ಒಂದು ಶಿಕ್ಷೆಯಿಂದ. ತರಗತಿಯಲ್ಲಿ ಗಲಾಟೆ ಮಾಡಿದ ಹುಡುಗನಿಗೆ ಮಾರ್ಕನ ಎರಡನೇ ಅಧ್ಯಾಯದ ಪಾರ್ಶ್ವವಾಯು ರೋಗಿಯ ಕಥೆಯನ್ನು ಮೂರು ಸಲ ಬರೆದುಕೊಂಡು ಬಾ ಅಂದಿದ್ದೆ. ಮುಂದಿನ ಭಾನುವಾರ ಬರೆದು ತಂದ. ತಂದವನು ಸುಮ್ಮನೆ ಕೂರಲಿಲ್ಲ. "ಸಾರ್, ಚಾವಣಿ ಕಿತ್ತು ರೋಗಿನ ಇಳಿಸಿದ್ರಲ್ಲ, ಆಮೇಲೆ ಚಾವಣಿ ರಿಪೇರಿ ಯಾರು ಮಾಡ್ಸಿದ್ರು?" ಅಂತ ಕೇಳಿದ. ಎಷ್ಟೋ ವರ್ಷದಿಂದ ಆ ತರಗತಿಯಲ್ಲಿ ಯಾರೂ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಕೈಯಲ್ಲಿ ಬರೆದವನಿಗೆ ಚಾವಣಿ ಕಾಣಿಸಿತ್ತು.

2024 ಪೂಜೆಯ ವಾಚನಗಳ ಲೆಕ್ಕದಲ್ಲಿ ಮಾರ್ಕನ ವರ್ಷ. ನಾಲ್ಕು ಶುಭಸಂದೇಶಗಳಲ್ಲಿ ಅವನದೇ ಚಿಕ್ಕದು, ಹದಿನಾರು ಅಧ್ಯಾಯ, 678 ವಚನ. ಮನೆ ನೂರಹತ್ತು. ಭಾಗಿಸಿದರೆ ಮನೆಗೆ ಆರು ವಚನ ಚಿಲ್ಲರೆ. ಲೆಕ್ಕ ಸಲೀಸು ಅಂದುಕೊಂಡೆ. ಹಾಗೇ ಕತ್ತರಿಸಿ ಮೊದಲ ಇಪ್ಪತ್ತು ಮನೆಗೆ ಕೊಟ್ಟೂಬಿಟ್ಟೆ. ಒಂದು ಮನೆಗೆ ಕಥೆಯ ಬಾಲ, ಇನ್ನೊಂದಕ್ಕೆ ತಲೆ. "ಯಾರು ಯಾರಿಗೆ ಹೇಳ್ತಿದ್ದಾರೆ ಅಂತಾನೇ ಗೊತ್ತಾಗ್ತಿಲ್ಲ ಸಾರ್" ಅಂದರು. ವಾಪಸ್ ತಗೊಂಡು ಘಟನೆ ಲೆಕ್ಕದಲ್ಲಿ ಹಂಚಿದೆ. ಕೆಲವು ಮನೆಗೆ ಹದಿನೈದು ವಚನ ಬಂತು, ಕೆಲವಕ್ಕೆ ಎರಡೇ.

ಯಾವ ಮನೆಗೆ ಯಾವ ಭಾಗ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದು ಅಂತ ಊರಿಗೆಲ್ಲ ಹೇಳಿದ್ದೇನೆ. ಜಮೀನಿನ ವಿಚಾರಕ್ಕೆ ಮಾತು ಬಿಟ್ಟ ಅಣ್ಣ ತಮ್ಮನಿಗೆ ಅಕ್ಕಪಕ್ಕದ ಭಾಗ ಬಂತು. ಒಬ್ಬರ ಹಾಳೆ ಎಲ್ಲಿ ಮುಗಿಯಿತು ಅಂತ ಇನ್ನೊಬ್ಬರು ಕೇಳಲೇಬೇಕು. ಆ ಚೀಟಿಯ ಗುಟ್ಟು ನನ್ನ ಹತ್ತಿರವೇ ಇರಲಿ.

ಹಣದ ವಿಚಾರ. "ದೇವಾಲಯದ ದುಡ್ಡಲ್ಲಿ ಎರಡು ಸಾವಿರದ ಮೇಲೆ ಕೇಳಬೇಡಿ" ಅಂತ ಫಾದರ್ ಮೊದಲೇ ಹೇಳಿದ್ದರು. ಕ್ವಿಜ್ ನೆನಪು ಅವರಿಗೂ ಇತ್ತು. ದಪ್ಪ ಬಾಂಡ್ ಪೇಪರ್ ಒಂದು ಕಟ್ಟು, ನಾಲ್ಕುನೂರ ಎಂಬತ್ತೋ ಐನೂರೋ. ಡಜನ್‌ಗಟ್ಟಲೆ ನೀಲಿ ಬಾಲ್ ಪೆನ್ನು, ಆರುನೂರು. ಬೆಂಗಳೂರಿನಲ್ಲಿ ಬೈಂಡಿಂಗ್, ರೆಕ್ಸಿನ್ ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ, ಎಲ್ಲ ಸೇರಿ ಸಾವಿರದ ನಾನೂರು. ಬಸ್ ಚಾರ್ಜು ನನ್ನದೇ. ಐನೂರರ ಹತ್ತಿರ ಜಾಸ್ತಿ ಆಯಿತು, ಅದನ್ನೂ ನಾನೇ ಹಾಕಿದೆ. ಮಿಕ್ಸಿಗಿಂತ ಅಗ್ಗ ಬಿಡಿ.

ಪೆನ್ನಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಜೆಲ್ ಪೆನ್ ಬೇಡವೇ ಬೇಡ. ಬೆವರಿನ ಕೈ ತಾಗಿದರೆ ಹರಡುತ್ತದೆ, ತೀರ್ಥದ ಹನಿ ಬಿದ್ದರೆ ಮುಗಿಯಿತು. ಎಡಗಡೆ ಎರಡು ಬೆರಳು ಜಾಗ ಬಿಡಿಸಬೇಕಿತ್ತು, ನಾನು ಮರೆತೆ. ಮೊದಲು ಬಂದ ಹದಿನೇಳು ಹಾಳೆಗಳಲ್ಲಿ ಅಕ್ಷರ ಅಂಚಿನ ತನಕ ಹೋಗಿತ್ತು. ಬೈಂಡ್ ಮಾಡಿದರೆ ಅರ್ಧ ಪದ ಹೊಲಿಗೆ ಒಳಗೆ. ಹದಿನೇಳು ಮನೆಗೂ ಹೋಗಿ ಕ್ಷಮೆ ಕೇಳಿ ಮತ್ತೆ ಬರೆಸಿದೆ. ಒಬ್ಬರು ಬಾಗಿಲಲ್ಲೇ ಬೈದರು. ಆಮೇಲೆ ಪ್ರತಿ ಹಾಳೆಗೂ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟೆ. ನೀವು ಮಾಡುವುದಾದರೆ ಈ ಗೆರೆಯಿಂದಲೇ ಶುರು ಮಾಡಿ.

ದೊಡ್ಡ ಆಶ್ಚರ್ಯ ಮಕ್ಕಳದು. ಇಂಗ್ಲಿಷ್ ಮೀಡಿಯಂ ಹುಡುಗರಿಗೆ ಒತ್ತಕ್ಷರವೇ ಬರುವುದಿಲ್ಲ. "ಕ್ರಿಸ್ತ" ಬರೆಯಲು ಹೋಗಿ ಮೂರು ಥರ ಬರೆದ ಹಾಳೆ ಇದೆ. ಮನೆಯ ಅಜ್ಜ ಅಜ್ಜಿಯರು ಪಕ್ಕದಲ್ಲಿ ಕೂತು ಹೇಳಿಕೊಡಬೇಕಾಯಿತು. ಎಷ್ಟೋ ಮನೆಯಲ್ಲಿ ಆರು ವಚನಕ್ಕೆ ನಾಲ್ಕು ಸಂಜೆ ಹಿಡಿಯಿತು. ನನಗೆ ಬೇಕಿದ್ದದ್ದೂ ಅದೇ. ತಪ್ಪು ಅಕ್ಷರ ಇದ್ದರೆ ಶ್ರೀಗ್ರಂಥಕ್ಕೆ ಅವಮಾನ ಅಂತ ಇಬ್ಬರು ಹಿರಿಯರು ತಕರಾರು ತೆಗೆದರು. ಫಾದರ್ ಒಂದೇ ಮಾತು ಹೇಳಿದರು, "ಓದಲಿಕ್ಕೆ ಅಚ್ಚಿನ ಪುಸ್ತಕ ಇದೆ, ಇದು ನಮ್ಮ ಊರಿನದು." ವೈಟ್ನರ್ ಹಚ್ಚಲು ನಾನು ಬಿಡಲಿಲ್ಲ. ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದ ಎರಡು ತಮಿಳು ಕುಟುಂಬದವರು ತಮಿಳಿನಲ್ಲೇ ಬರೆದುಕೊಟ್ಟರು. ಅದನ್ನೂ ಹಾಗೇ ಸೇರಿಸಿದೆ. ಇದಕ್ಕೆ ಒಂದಿಷ್ಟು ಗೊಣಗಾಟ ಆಯಿತು. ಆಗಲಿ.

ಹುಳದ ಮನೆಯವರನ್ನು ಹಿಡಿಯುವುದಕ್ಕೆ ಹೊತ್ತು ನೋಡಬೇಕು. ರೇಷ್ಮೆ ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಆಗ ಆ ಮನೆಗೆ ಹೋಗಿ ಜಪ, ಪ್ರಾರ್ಥನೆ ಅಂದರೆ ಒದೆ ಬೀಳದಿದ್ದರೆ ಪುಣ್ಯ. ಹುಳ ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವ ಹಾಗಿಲ್ಲ, ಮನೆಯವರಿಗೆ ಬಿಡುವು. ಯಾರ ಮನೆಯ ಹುಳ ಯಾವತ್ತು ಜ್ವರಕ್ಕೆ ಕೂರುತ್ತದೆ ಅಂತ ಒಂದು ಪಟ್ಟಿ ಮಾಡಿಕೊಂಡು ಅವತ್ತೇ ಹಾಳೆ ಹಿಡಿದು ಹೋದೆ. ಈ ಪಟ್ಟಿ ನೋಡಿ ಫಾದರ್ ಬಹಳ ಹೊತ್ತು ನಕ್ಕರು.

ಶುಕ್ರವಾರ ಶಿಲುಬೆಹಾದಿ ಮುಗಿದ ಮೇಲೆ ಆ ವಾರ ಬರೆದ ಮನೆಯವರು ತಮ್ಮ ಹಾಳೆ ಓದಬೇಕು, ಕೇಳುವವರು ಏನು ಬೇಕಾದರೂ ಕೇಳಬಹುದು. ಇದೇ ನಮ್ಮ ಪಾಠ, ಬೇರೆ ಪ್ರವಚನ ಇಲ್ಲ. ಮೊದಲೆಲ್ಲ ಶಿಲುಬೆಹಾದಿಗೆ ಇಪ್ಪತ್ತೈದು ಮೂವತ್ತು ಜನ, ಅದರಲ್ಲೂ ಅಜ್ಜಿಯರೇ ಜಾಸ್ತಿ. ಮೂರನೇ ಶುಕ್ರವಾರಕ್ಕೆ ತೊಂಬತ್ತು ದಾಟಿತು. ತಮ್ಮ ಮಗ ಓದುತ್ತಾನೆ ಅಂದರೆ ಅಪ್ಪ ಬರದೆ ಇರುತ್ತಾನೆಯೇ?

ಹಂದಿ ಸಾಕುವ ಮನೆಯವರಿಗೆ ಐದನೇ ಅಧ್ಯಾಯ ಬಂದಿತ್ತು. ದೆವ್ವಗಳು ಹಂದಿಗಳ ಒಳಗೆ ಹೊಕ್ಕು, ಸುಮಾರು ಎರಡು ಸಾವಿರ ಹಂದಿ ಸರೋವರಕ್ಕೆ ಬಿದ್ದು ಸಾಯುವ ಕಥೆ. ಓದಿ ಮುಗಿಸಿದ ಯಜಮಾನರು ಹಾಳೆ ಮಡಚಿ ಕೇಳಿದರು, "ಎರಡು ಸಾವಿರ ಹಂದಿ ಅಂದ್ರೆ ಎಷ್ಟು ಲಕ್ಷ ಆಯ್ತು ಸ್ವಾಮಿ? ಸಾಕ್ದೋನಿಗೆ ಯಾರು ಕೊಟ್ರು?" ಅವತ್ತು ಒಂದು ಗಂಟೆ ಮಾತು ನಡೆಯಿತು. ಊರಿನವರು ಯೇಸುವನ್ನು ಇಲ್ಲಿಂದ ಹೋಗಿ ಅಂತ ಯಾಕೆ ಬೇಡಿಕೊಂಡರು ಅನ್ನುವುದು ನನಗೇ ಅವತ್ತು ಸರಿಯಾಗಿ ಅರ್ಥವಾದದ್ದು. ಒಬ್ಬ ಮನುಷ್ಯ ವಾಸಿಯಾದದ್ದಕ್ಕಿಂತ ಹಂದಿ ಹೋದದ್ದೇ ಅವರಿಗೆ ದೊಡ್ಡದಾಗಿ ಕಂಡಿತ್ತು. ಯಜಮಾನರು ಒಪ್ಪಿದಂತೆ ಕಾಣಲಿಲ್ಲ.

ಇನ್ನೊಂದು ವಾರ ಏಳನೇ ತರಗತಿಯ ಹುಡುಗಿ ಎದ್ದಳು. "ವೆರೋನಿಕಾ ಯಾರಿಗೆ ಬಂದಿದೆ?" ಶಿಲುಬೆಹಾದಿಯ ಆರನೇ ಸ್ಥಳದಲ್ಲಿ ಯೇಸುವಿನ ಮುಖ ಒರೆಸುವ ಹೆಂಗಸು ವೆರೋನಿಕಾ. ಯಾರಿಗೂ ಬಂದಿರಲಿಲ್ಲ, ಮಾರ್ಕನಲ್ಲಿ ಅವಳಿಲ್ಲ. ಬೇರೆ ಮೂವರಲ್ಲೂ ಇಲ್ಲ. ಯೇಸು ಮೂರು ಸಲ ಬೀಳುವುದೂ ಇಲ್ಲ. ಅವು ಭಕ್ತರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವು ಅಂತ ಹೇಳಿದೆ. ಅಜ್ಜಿಯರಿಗೆ ಸಿಟ್ಟು ಬಂತು. ಪೋಪ್ ಆಗಿದ್ದ ಎರಡನೇ ಜಾನ್ ಪಾಲ್ ಜಗದ್ಗುರುಗಳೇ 1991ರಲ್ಲಿ ರೋಮಿನ ಕೊಲೊಸಿಯಂನಲ್ಲಿ ಬರೀ ಶುಭಸಂದೇಶದ ಘಟನೆಗಳನ್ನಿಟ್ಟು ಶಿಲುಬೆಹಾದಿ ನಡೆಸಿದ್ದರು ಅಂತ ಹೇಳಿದ ಮೇಲೆ ಸ್ವಲ್ಪ ತಣ್ಣಗಾದರು. ಆದರೂ ನಮ್ಮ ಗೋಡೆಯ ಆರನೇ ಸ್ಥಳದ ಪಟಕ್ಕೆ ಮಾರನೇ ವಾರ ಯಾರೋ ಮಲ್ಲಿಗೆ ಮುಡಿಸಿದ್ದರು.

ಮಾರ್ಚ್ 22 ಕೂಡ ಶುಕ್ರವಾರ. ಅವತ್ತೇ ಐಪಿಎಲ್ ಮೊದಲ ಮ್ಯಾಚ್, ಚೆನ್ನೈನಲ್ಲಿ ಆರ್‌ಸಿಬಿ ಆಟ. ಯುವಕರು ಎರಡು ದಿನ ಮೊದಲೇ ಮುಖ ಸಪ್ಪೆ ಮಾಡಿಕೊಂಡಿದ್ದರು. ನಾನು ಆರಕ್ಕೇ ಶುರು ಮಾಡಿ ಏಳೂವರೆಗೆ ಮುಗಿಸಿದೆ. ಎಲ್ಲರೂ ಬಂದರು, ಎಲ್ಲರೂ ಓಡಿದರು. ಆರ್‌ಸಿಬಿ ಸೋತಿತು. ಅದಕ್ಕೆ ನಾನು ಹೊಣೆ ಅಲ್ಲ.

ನಡುವೆ ಎರಡು ಪ್ರಯೋಗ ಮಾಡಿದೆ. ಒಂದು, ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಮಕ್ಕಳ ಕೈಯಲ್ಲೇ ಮನೆಮನೆಯಿಂದ ತರಿಸಿ, ಹಳೇ ಬಾಣಲೆಯಲ್ಲಿ ಸುಟ್ಟು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆವು. ಒಂದು ಮೂಟೆ ಗರಿಗೆ ಒಂದು ಲೋಟ ಬೂದಿಯೂ ಸಿಗಲಿಲ್ಲ. ಹಚ್ಚಲು ಸುಲಭವಾಗಲಿ ಅಂತ ನೀರು ಬೆರೆಸಿದ್ದು ತಪ್ಪಾಯಿತು. ನಾಲ್ಕೈದು ಜನರ ಹಣೆ ಉರಿದು ಕೆಂಪಾಯಿತು. ಬೂದಿಗೆ ನೀರು ಬಿದ್ದರೆ ಖಾರವಾಗುತ್ತದೆ ಅಂತ ಪಾತ್ರೆ ತೊಳೆಯುವ ಹೆಂಗಸರಿಗೆ ಗೊತ್ತಿತ್ತು, ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಣ ಬೂದಿಯೇ ವಾಸಿ. ಅವತ್ತು ಫೆಬ್ರವರಿ 14, ಪ್ರೇಮಿಗಳ ದಿನ ಬೇರೆ. ಕಾಲೇಜು ಹುಡುಗರು ಹಣೆ ಒರೆಸಿಕೊಂಡು ಬಸ್ ಹತ್ತಿದ್ದನ್ನು ನಾನು ನೋಡಿಲ್ಲ ಅಂತ ಇಟ್ಟುಕೊಳ್ಳಿ.

ಇನ್ನೊಂದು ಗೋಧಿ. ಮಾರ್ಚ್ 17ರ ಭಾನುವಾರದ ಶುಭಸಂದೇಶ ಯೊವಾನ್ನನದು, ಭೂಮಿಗೆ ಬಿದ್ದು ಸಾಯುವ ಗೋಧಿ ಕಾಳಿನದು. ಅವತ್ತೇ ಮಕ್ಕಳಿಂದ ತೆಂಗಿನ ಚಿಪ್ಪಿನಲ್ಲಿ ಗೋಧಿ ಬಿತ್ತಿಸಿ ಕುಕ್ಕೆ ಮುಚ್ಚಿಸಿದೆ. ಕತ್ತಲಲ್ಲಿ ಬೆಳೆದರೆ ಪೈರು ಹಳದಿ ಬಿಳುಪಾಗಿ ಚೆಂದ ಕಾಣುತ್ತದೆ, ಪವಿತ್ರ ಗುರುವಾರ ರಾತ್ರಿ ಪರಮಪ್ರಸಾದದ ಆರಾಧನೆಗೆ ಪೀಠದ ಮುಂದೆ ಇಡಬಹುದು. ಹನ್ನೊಂದು ದಿನ ಸಾಕು. ಆ ವರ್ಷ ಬರ, ಊರಿನ ಎರಡು ಬೋರು ನಿಂತಿದ್ದವು. ದಿನಕ್ಕೆ ಚಮಚ ನೀರು ಅಂತ ಹೇಳಿದ್ದೆ. ಪ್ರೀತಿ ಜಾಸ್ತಿಯಾದವರು ಲೋಟಗಟ್ಟಲೆ ಸುರಿದು ಬೂಸಲು ಹಿಡಿಸಿದರು. ಕೆಲವನ್ನು ಇಲಿ ತಿಂದಿತು. ಅರವತ್ತರಲ್ಲಿ ಇಪ್ಪತ್ತೆರಡು ಚಿಪ್ಪು ಪೀಠದ ತನಕ ಬಂದವು. ರಾಗಿಯಲ್ಲೂ ಮಾಡಿಸಿದೆ. ಗೋಧಿಯ ಎತ್ತರ ಬರಲಿಲ್ಲ.

ಗರಿಗಳ ಭಾನುವಾರ ಮಾರ್ಕ ಬರೆದ ಯೇಸುವಿನ ಪಾಡಿನ ಕಥೆ ಓದುವಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಸಾಮಾನ್ಯವಾಗಿ ಆ ಉದ್ದದ ವಾಚನಕ್ಕೆ ಜನ ಕಾಲು ಬದಲಿಸುತ್ತ ನಿಲ್ಲುತ್ತಾರೆ. ಅವತ್ತು ಒಂದೊಂದು ಕಡೆ ತುಟಿ ಅಲುಗುತ್ತಿದ್ದವು, ತಮ್ಮ ತಮ್ಮ ವಚನ ಬಂದಾಗ. ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ ಸಿರೇನ್ಯದ ಸಿಮೋನನ ಮಕ್ಕಳ ಹೆಸರು ಹೇಳುವವನು ಮಾರ್ಕ ಒಬ್ಬನೇ. ಅಲೆಕ್ಸಾಂಡರ್ ಮತ್ತು ರೂಫ ಅಂದ ಕೂಡಲೇ ಮಧ್ಯದ ಬೆಂಚಿನ ಒಂದು ಕುಟುಂಬ ಒಬ್ಬರನ್ನೊಬ್ಬರು ನೋಡಿ ನಕ್ಕಿತು. ಅದು ಅವರ ಹಾಳೆ.

ಪುಸ್ತಕ ಕೈಗೆ ಬಂದದ್ದು ಪಾಸ್ಖ ಜಾಗರಣೆಯ, ಅಂದರೆ ಈಸ್ಟರ್ ಹಿಂದಿನ, ಶನಿವಾರ ಸಂಜೆ ನಾಲ್ಕಕ್ಕೆ. ಹತ್ತು ದಿನದಲ್ಲಿ ಕೊಡುತ್ತೇನೆ ಅಂದಿದ್ದ ಬೈಂಡಿಂಗ್ ಅಂಗಡಿಯವರು ಕೊನೆಯ ಗಳಿಗೆ ತನಕ ಆಟ ಆಡಿಸಿದರು. ರಾತ್ರಿ ಮೆರವಣಿಗೆಯಲ್ಲಿ ಅದನ್ನು ಹೊತ್ತದ್ದು ಆ ಚಾವಣಿ ಹುಡುಗ.

ಒಂದು ಹಾಳೆ ಖಾಲಿ ಇತ್ತು. ಗೆತ್ಸೆಮನೆ ತೋಪಿನಲ್ಲಿ ಯೇಸುವನ್ನು ಹಿಡಿದಾಗ ಒಬ್ಬ ಯುವಕ ಹೊದ್ದ ಬಟ್ಟೆ ಬಿಟ್ಟು ಬೆತ್ತಲೆ ಓಡಿಹೋದ ಅಂತ ಮಾರ್ಕ ಎರಡು ವಚನ ಬರೆದಿದ್ದಾನೆ. ಅದನ್ನು ಐಟಿಐ ಮುಗಿಸಿದ ಒಬ್ಬ ಹುಡುಗನಿಗೆ ಕೊಟ್ಟಿದ್ದೆ. ಅವನು ಹಾಳೆ ತಗೊಂಡವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಟ್ಟ. ಫೋನ್ ಎತ್ತಲಿಲ್ಲ. ಬೇರೆ ಯಾರಿಂದಾದರೂ ಬರೆಸಿ ಅಂತ ಸಮಿತಿಯವರು ಹೇಳಿದರು. ನಾನು ಖಾಲಿ ಹಾಳೆಯನ್ನೇ ಸೇರಿಸಿ ಬೈಂಡ್ ಮಾಡಿಸಿದೆ. ಕ್ರಿಸ್ಮಸ್ಸಿಗೆ ಬಂದವನು ಪೂಜೆ ಮುಗಿದ ಮೇಲೆ ಪುಸ್ತಕದ ಮುಂದೆ ನಿಂತು ಹುಡುಕಿದ. ಜೇಬಿನಿಂದ ಪೆನ್ನು ತೆಗೆದು ಅಲ್ಲೇ ನಿಂತುಕೊಂಡು ಎರಡೂ ವಚನ ಬರೆದ. ಜೆಲ್ ಪೆನ್. ಆಗಲೇ ಸ್ವಲ್ಪ ಹರಡಿದೆ.